ಬಾಯಿ ಬಿಡದ ಸಿ.ಡಿ. ಡ್ರೈವ್

ಗೆಳತಿಯರೇ, ಇವತ್ತು ಬೆಳಿಗ್ಗೆ ನಮ್ಮ ಹಳೆಯ ಕಂಪ್ಯೂಟರಿನ ಸಿ.ಡಿ. ಡ್ರೈವ್ ಏನು ಮಾಡಿದರೂ ಬಾಯಿ ಬಿಡಲಿಲ್ಲ. ಗುಂಡಿ ಒತ್ತಿದರೆ ಕರಕರ ಸದ್ದು ಮಾತ್ರ. ಒಳಗೆ ಸಿಕ್ಕಿಕೊಂಡಿದ್ದು ನಮ್ಮತ್ತೆ ಮತ್ತು ಈಗ ತೀರಿಕೊಂಡಿರುವ ಅವರ ತಂಗಿ ಜೊತೆಯಾಗಿ ಹಾಡಿದ ದೇವರನಾಮಗಳ ಸಿ.ಡಿ. ಅದಕ್ಕೆ ಇನ್ನೊಂದು ಪ್ರತಿಯಿಲ್ಲ.

ರಿಪೇರಿಗೆ ಕೊಡೋಣವೆಂದರೆ ವಿಜಯದಶಮಿ, ಗಾಂಧಿ ಬಜಾರಿನ ಅಂಗಡಿಗೆ ಬೀಗ. ನಮ್ಮ ಯಜಮಾನರು ಸ್ಕ್ರೂ ಡ್ರೈವರ್ ಹಿಡಿದು ಬಂದರು. "ಡ್ರೈವ್ ಹೋಗಿದೆ ಕಣೇ. ಮೀಟಿ ತೆಗೆದ್ಬಿಡ್ತೀನಿ, ಹೊಸದು ಹಾಕ್ಸೋಣ."

"ಸಿ.ಡಿ. ಗೀರಿದ್ರೆ ಚಿಕ್ಕಮ್ಮನ ದನಿ ಎಲ್ಲಿಂದ ತರ್ತೀರಿ? ಮೊದ್ಲು ಆ ಸ್ಕ್ರೂ ಡ್ರೈವರ್‌ನ ಆ ಕಡೆ ಇಡಿ," ಎಂದೆ. ಬಾಗಿಲ ಬಳಿ ನಿಂತಿದ್ದ ಅತ್ತೆಯ ಮುಖ ನೋಡಿ ಇವರು ಅದನ್ನು ಮೇಜಿನ ಮೇಲಿಟ್ಟರು.

ಡ್ರೈವಿನ ಮುಂಭಾಗದಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತಿದೆ. ಅದು ಇಂಥ ಹೊತ್ತಿಗೇ ಎಂದು ಎಲ್ಲೋ ಓದಿದ್ದೆ. ಕಂಪ್ಯೂಟರ್ ಆರಿಸಿ, ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ ತೂತಿನೊಳಗೆ ಒತ್ತಿದೆ. ಸಿ.ಡಿ. ಇಡುವ ತಟ್ಟೆ ಕೊಂಚ ಹೊರಬಂತು, ಮೆಲ್ಲಗೆ ಎಳೆದೆ. ಸಿ.ಡಿ.ಗೆ ಒಂದು ಗೀರೂ ಬಿದ್ದಿರಲಿಲ್ಲ. ತಟ್ಟೆ ಜಾರುವ ಸಂದಿಯಲ್ಲಿ ಮಾತ್ರ ಅರಿಶಿನ ಬಳಿದ ಅಕ್ಕಿಕಾಳು. ನಿನ್ನೆ ಆಯುಧಪೂಜೆಯಲ್ಲಿ ಇವರೇ ಭಕ್ತಿಯಿಂದ ತಟ್ಟೆ ತೆರೆದು ಹಾಕಿದ ಅಕ್ಷತೆ.

ಕಾಳು ತೆಗೆದು ಸಿ.ಡಿ. ಮತ್ತೆ ಹಾಕಿದೆ. ಅಕ್ಕತಂಗಿಯರ ದನಿ ಮನೆ ತುಂಬಿತು. ಅತ್ತೆ ಕುರ್ಚಿ ಎಳೆದುಕೊಂಡು ಕೂತು ತಾವೂ ಹಾಡತೊಡಗಿದರು. "ಈ ಸಾಲಲ್ಲಿ ಇವಳು ಯಾವಾಗ್ಲೂ ನನಗಿಂತ ಮುಂದೆ ಓಡ್ತಾಳೆ," ಎಂದು ನಕ್ಕರು.

ಈಗ ಇವರು ಫೋನಿನಲ್ಲಿ ಸ್ನೇಹಿತರಿಗೆ ಹೇಳುತ್ತಿದ್ದಾರೆ, "ಡ್ರೈವ್ ಕೆಟ್ಟಿತ್ತು ಮಾರಾಯ, ನಾವೇ ಸರಿಮಾಡಿದ್ವಿ." ಆ 'ನಾವು' ಎಂಬುದರಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದಾರೆ, ದೊಡ್ಡ ಮನಸ್ಸು.