ಕುಪ್ಪಗಡ್ಡೆಗೆ ಒಯ್ದ ವೈಟ್ ವೈನ್

ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಶಿಕಾರಿಪುರ ಬಿಟ್ಟಾಗ ಕಿವಿಗೆ ಮಫ್ಲರ್ ಸುತ್ತಿದ್ದೆ. ತೊಡೆಯ ಮೇಲೆ ಕೈಚೀಲ, ಅದರೊಳಗೆ ಟವೆಲಿನಲ್ಲಿ ಸುತ್ತಿದ ಒಂದು ವೈಟ್ ವೈನ್ ಬಾಟಲಿ. ಹೋಗಬೇಕಾದದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ, ನನ್ನ ಹಳೆಯ ಸ್ನೇಹಿತ ಕೆರಿಯಪ್ಪನ ಮನೆಗೆ. ನಾಲ್ಕು ವರ್ಷದ ಹಿಂದೆ ಅವನ ಹೆಸರಿಗೆ ನಾನೇ ಮಸಿ ಬಳಿದಿದ್ದೆ. ಈಗ ತಪ್ಪಾಯಿತು ಅನ್ನಲು ಹೊರಟಿದ್ದೆ.

ಆ ಬಾಟಲಿ ತರುವುದೇ ಒಂದು ಪ್ರಯಾಣವಾಗಿತ್ತು. ನಮ್ಮೂರಲ್ಲಿ ವೈನ್ ಶಾಪ್ ಎಂಬ ಬೋರ್ಡಿಗೇನೂ ಬರವಿಲ್ಲ, ಒಳಗೆ ವೈನ್ ಮಾತ್ರ ಸಿಗುವುದಿಲ್ಲ. ಕೇಳಿದರೆ ಬ್ರಾಂದಿ ಮುಂದಿಟ್ಟು ನಗುತ್ತಾರೆ. ಹಿಂದಿನ ದಿನ ಶಿವಮೊಗ್ಗಕ್ಕೆ ಹೋದೆ. ಐವತ್ತು ಕಿಲೋಮೀಟರ್, ಒಂದೂವರೆ ತಾಸು. ಅಲ್ಲಿನ ದೊಡ್ಡ ಅಂಗಡಿಯವನು, "ಚಳಿಗೆ ರೆಡ್ ತಗೊಳ್ರೀ ಸರ್. ಅದು ಉಷ್ಣ. ವೈಟ್ ಕುಡಿದ್ರೆ ಶೀತ ಆಗ್ತದೆ" ಎಂದ. ಅವನ ತಪ್ಪಲ್ಲ, ನಮ್ಮ ಕಡೆ ಎಲ್ಲರೂ ಹಾಗೇ ತಿಳಿದಿದ್ದಾರೆ.

ಕೆರಿಯಪ್ಪ ಮಾತ್ರ ಹಾಗೆ ತಿಳಿದವನಲ್ಲ. ನಾವಿಬ್ಬರೂ ವಿಜಯಪುರದ ಕಡೆ ಸರ್ಕಾರಿ ನೌಕರಿಯಲ್ಲಿದ್ದಾಗ ಒಬ್ಬ ದ್ರಾಕ್ಷಿ ಬೆಳೆಗಾರನ ಹತ್ತಿರ ಇದನ್ನೆಲ್ಲ ಕಲಿತಿದ್ದ. ತೆಳ್ಳಗಿನ, ಹುಳಿ ಮುಂದಾದ ವೈಟ್ ಬೇಸಿಗೆಗೆ. ಚಳಿಗಾಲಕ್ಕೆ ಮೈ ತುಂಬಿದ್ದು ಬೇಕು, ಶಾರ್ಡೊನೇ ದ್ರಾಕ್ಷಿಯದು, ಅದರಲ್ಲೂ ಮರದ ಪೀಪಾಯಿಯಲ್ಲಿ ಕೂತು ಬೆಣ್ಣೆಯ ವಾಸನೆ ಹಿಡಿದದ್ದು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಬಿಡಬೇಕು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಇಷ್ಟು ಅವನ ಪಾಠ. ರಿಟೈರಾದ ಮೇಲೂ ಪ್ರತಿ ಚಳಿಗಾಲ ಇಬ್ಬರೂ ಸೇರಿ ಒಂದೇ ಒಂದು ಬಾಟಲಿ ಕುಡಿಯುತ್ತಿದ್ದೆವು. ವರ್ಷಕ್ಕೆ ಒಂದು, ಅಷ್ಟೇ. ಅದಕ್ಕೇ ಶಿವಮೊಗ್ಗದ ಅಂಗಡಿಯ ಮೇಲಿನ ಗೂಡಿನಲ್ಲಿ ಧೂಳು ಹಿಡಿದಿದ್ದ ಶಾರ್ಡೊನೇಯನ್ನೇ ಇಳಿಸಿಕೊಂಡೆ.

ಶಿರಾಳಕೊಪ್ಪದ ತನಕ ಮಂಜು. ಪಕ್ಕದಲ್ಲಿ ಕೂತ ಅಜ್ಜಿ ಒಬ್ಬರು ಚೀಲ ನೋಡಿ, "ಅದೇನ್ರೀ, ಕೂಸಿನಂಗೆ ಹಿಡ್ಕಂಡೀರಿ?" ಎಂದರು. "ಜೇನುತುಪ್ಪ ಅಜ್ಜಿ" ಅಂದೆ. ಥೂ, ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! ಅವತ್ತೂ ಹೀಗೇ ಬಂದಿತ್ತು.

ಅವತ್ತು ಕೆರಿಯಪ್ಪ ನಮ್ಮ ಮನೆಯಲ್ಲೇ ಉಳಿದಿದ್ದ. ಬೆಳಿಗ್ಗೆ ನನ್ನ ಮಗಳನ್ನು ನೋಡಲು ಬಳ್ಳಿಗಾವಿಯಿಂದ ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಎರಡು ತಾಸು ಮೊದಲೇ ಬಂದುಬಿಟ್ಟರು. ಹುಡುಗನ ತಾಯಿ ನೀರಿಗೆಂದು ಫ್ರಿಜ್ ತೆಗೆದರೆ, ಹಿಂದಿನ ರಾತ್ರಿ ನಾವಿಬ್ಬರೂ ಕುಡಿದು ಉಳಿಸಿದ್ದ ಅರ್ಧ ಬಾಟಲಿ ವೈನ್. ಎಲ್ಲರ ಕಣ್ಣೂ ನನ್ನ ಮೇಲೆ. "ನಮ್ದಲ್ಲ ಬಿಡ್ರೀ. ಕುಪ್ಪಗಡ್ಡೆ ಸ್ನೇಹಿತ ಬಂದಾನೆ, ಅವನದು. ಅವನಿಗೆ ದಿನಾ ಬೇಕು. ನಾನು ಮುಟ್ಟಿದವನೇ ಅಲ್ಲ" ಎಂದೆ. ಬಚ್ಚಲಿನಲ್ಲಿದ್ದ ಕೆರಿಯಪ್ಪನಿಗೆ ಅಷ್ಟೂ ಕೇಳಿಸಿತ್ತು. ಹೊರಗೆ ಬಂದು ತಲೆ ಬಾಚಿಕೊಂಡ, ಬಂದವರಿಗೆಲ್ಲ ಕೈಮುಗಿದ, ಉಪ್ಪಿಟ್ಟು ತಿಂದು ಹೊರಟುಹೋದ. ಒಂದು ಮಾತು ಆಡಿದ್ದರೆ ಸಂಬಂಧ ಮುರಿಯುತ್ತಿತ್ತು. ಆಡಲಿಲ್ಲ. ಮದುವೆ ಆಯಿತು. 'ದಿನಾ ಬೇಕು' ಅನ್ನುವ ಅಗತ್ಯವಾದರೂ ಏನಿತ್ತು ನನಗೆ?

ಸೊರಬದಲ್ಲಿ ಇಳಿದು ಚಹಾ ಕುಡಿದೆ. ಕುಪ್ಪಗಡ್ಡೆ ಬಸ್ಸಿಗೆ ಮುಕ್ಕಾಲು ತಾಸು ಕಾದೆ. ತಲುಪಿದಾಗ ಬಿಸಿಲು ಚುರುಗುಡುತ್ತಿತ್ತು. ಕೆರಿಯಪ್ಪ ಅಂಗಳದಲ್ಲಿ ಹುಲ್ಲಿನ ಕಟ್ಟು ಒಟ್ಟುತ್ತಿದ್ದ. ಮೊದಲಾಗಿದ್ದರೆ "ಎಲ್ಲಿ ಸತ್ತಿದ್ಯೋ ಮಾರಾಯ" ಅನ್ನುತ್ತಿದ್ದ. ಈಗ, "ಬನ್ನಿ, ಕೈಕಾಲು ತೊಳ್ಕಳಿ" ಎಂದ. ಅವನ ಹೆಂಡತಿ ಲಲಿತಮ್ಮ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ಊಟ ರುಚಿಯಾಗಿತ್ತು.

ಊಟವಾದ ಮೇಲೆ ಬಾಟಲಿ ತೆಗೆದು ಅವನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಲೇಬಲ್ ಓದಿದ. ಮುಚ್ಚಳ ಬಿಚ್ಚಿ ಮೂಸಿದ. "ಸರಿಯಾದ್ದೇ ತಂದೀರಿ. ಚಳಿಗೆ ಇದೇ ಆಗ್ಬೇಕು" ಎಂದು ಒಂದು ಲೋಟಕ್ಕೆ ಬಗ್ಗಿಸಿ ನನ್ನ ಕಡೆ ಸರಿಸಿದ.

"ನಿನಗೆ?"

"ನಾ ಬಿಟ್ಟು ನಾಲ್ಕು ವರ್ಷ ಆತು. ಕುಡೀತಾ ಕೂತಿದ್ರೆ ನಿಮ್ಮ ಮಾತು ನಿಜ ಆಗ್ತಿತ್ತಲ್ಲ."

ಲಲಿತಮ್ಮ ಒಳಗಿಂದಲೇ ಹೇಳಿದರು. "ನಿಮ್ಮ ಬೀಗರ ನೆಂಟರು ಈ ಕಡೆ ಹಳ್ಳಿಲೆಲ್ಲ ಇದಾರೆ ಅಣ್ಣ. ಮಾತು ಇಲ್ಲೀವರೆಗೂ ಬಂತು. ಮುಂಚೆ ಯಾರ ಮನೆ ಮದುವೆ ಮಾತುಕತೆ ಆದ್ರೂ ಇವ್ರನ್ನ ಕರ್ದು ಕೂರಿಸ್ತಿದ್ರು. ಹೋದ ವರ್ಷ ಇವ್ರ ಸ್ವಂತ ತಂಗಿ ಮಗಳ ನಿಶ್ಚಯ ಆತು. ಊಟಕ್ಕೆ ಕರೆದ್ರು, ಮಾತಿಗೆ ಕರೀಲಿಲ್ಲ."

"ತಪ್ಪಾತು ಕೆರಿಯಪ್ಪ. ನನ್ನ ಕ್ಷಮಿಸಿಬಿಡು" ಎಂದೆ.

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ನನಗ್ಯಾಕೆ ಹೇಳ್ತೀರಿ? ಅದು ಸುಳ್ಳು ಅಂತ ನನಗೆ ಅವತ್ತೇ ಗೊತ್ತು. ಗೊತ್ತಿಲ್ದೆ ಇರೋರು ಬಳ್ಳಿಗಾವಿಲಿ ಇದಾರೆ. ಅವರ ಮುಂದೆ ಹೇಳಿ ಬನ್ನಿ. ಆಮೇಲೆ ಇಬ್ರೂ ಕೂತು ಕುಡಿಯಾಣ."

ಲೋಟದಲ್ಲಿದ್ದುದನ್ನು ನಾನು ಮುಟ್ಟಲಿಲ್ಲ. ಅವನು ಅದನ್ನು ಒಂದು ಹನಿಯೂ ಚೆಲ್ಲದಂತೆ ಮತ್ತೆ ಬಾಟಲಿಗೆ ಸುರಿದು, ಬಿಗಿಯಾಗಿ ಮುಚ್ಚಿ, ನನ್ನ ಚೀಲದಲ್ಲಿ ಇಟ್ಟ. "ತೆಗ್ದಿದ್ದು ನಾಲ್ಕು ದಿನ ಇರ್ತದೆ, ಅಷ್ಟೇ" ಎಂದ. ಬಸ್ಸಿನ ತನಕ ಬಂದು ಹತ್ತಿಸಿದ.

ಸೊರಬದಿಂದ ಹಿಂದಿರುಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದೆ. ಬೀಗರೇ, ಅವತ್ತಿನ ಬಾಟಲಿ ನನ್ನದೂ ಹೌದು. ಹೇಳಲು ಅರ್ಧ ನಿಮಿಷ ಸಾಕು. ಮಗಳಿಗೆ ಈಗ ಎರಡು ವರ್ಷದ ಕೂಸಿದೆ, ಯಾರೂ ಅವಳನ್ನು ತವರಿಗೆ ಕಳಿಸುವುದಿಲ್ಲ. ಬೀಗರು ಎರಡು ದಿನ ಮುಖ ಗಂಟಿಕ್ಕಬಹುದು, ಅಷ್ಟೇ. ಬಳ್ಳಿಗಾವಿಗೆ ಹೋಗುವವರು ಶಿರಾಳಕೊಪ್ಪದಲ್ಲಿ ಇಳಿಯಬೇಕು, ಅಲ್ಲಿಂದ ಆಟೋದಲ್ಲಿ ಸ್ವಲ್ಪ ದೂರ.

ಶಿರಾಳಕೊಪ್ಪ ಬಂದಾಗ ಇನ್ನೂ ನಾಲ್ಕು ಗಂಟೆ, ಒಳ್ಳೆಯ ಬಿಸಿಲು. "ಯಾರ್ರೀ ಬಳ್ಳಿಗಾವಿ, ಇಳೀರಿ" ಎಂದು ಕಂಡಕ್ಟರ್ ಕೂಗಿದ. ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಎದ್ದು, "ಸ್ವಲ್ಪ ಜಾಗ ಬಿಡ್ರೀ" ಎಂದರು. ನಾನು ಕಾಲು ಮಡಚಿ ಕೂತು ಅವರಿಗೆ ದಾರಿ ಬಿಟ್ಟೆ.