ಗಟ್ಟಿಯಾಗದ ಹೇರಳೆಕಾಯಿ ಜೆಲ್ಲಿ

ಅರವತ್ತರ ದಶಕದ ಆರಂಭದಲ್ಲಿ ಜಯನಗರದ ನಮ್ಮ ಮನೆಗೆ ನನ್ನ ಓರಗಿತ್ತಿ ಸೊಸೆಯಾಗಿ ಬಂದಳು. ಕಾಲೇಜಿನಲ್ಲಿ ಹೋಮ್ ಸೈನ್ಸ್ ಓದಿದವಳು. ಹಿತ್ತಲಿನ ಹೇರಳೆಕಾಯಿಯಲ್ಲಿ ನಾನು ಗೊಜ್ಜು ಮಾಡುತ್ತಿದ್ದೆ. ಅವಳು ಅದರ ರಸಕ್ಕೆ ಸಕ್ಕರೆ, ಜಜ್ಜಿದ ಕಾಳುಮೆಣಸು ಹಾಕಿ ಜೆಲ್ಲಿ ಮಾಡಿದಳು. ನನ್ನ ಗೊಜ್ಜಿಗೆ ‘ಉಪ್ಪು ಮುಂದು’ ಎಂದಷ್ಟೇ ಹೇಳುತ್ತಿದ್ದ ಅತ್ತೆ, ಆ ಜೆಲ್ಲಿಯ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಬಂದವರಿಗೆಲ್ಲ ತೋರಿಸಿದರು. ನನ್ನ ಹೊಟ್ಟೆ ಉರಿದುಹೋಯಿತು.

ಅವಳು ತವರಿಗೆ ಹೋಗಿದ್ದಾಗ, ಅತ್ತೆ ಮಧ್ಯಾಹ್ನ ಮಲಗಿದ್ದ ಹೊತ್ತಿನಲ್ಲಿ ನಾನೂ ಜೆಲ್ಲಿಗೆ ಕೈಹಾಕಿದೆ. ಅವಳು ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ರಸದೊಳಗೆ ಕುದಿಸಿದ್ದನ್ನು ನೋಡಿದ್ದೆ. ಅದೆಲ್ಲ ಕಾಲೇಜಿನ ಒಯ್ಯಾರ ಎಂದುಕೊಂಡು, ಗೊಜ್ಜಿಗೆ ಮಾಡುವಂತೆಯೇ ಕಹಿ ಬೀಜವನ್ನೆಲ್ಲ ಎಸೆದೆ. ಎಷ್ಟು ಕುದಿಸಿದರೂ ಅದು ಗಟ್ಟಿಯಾಗಲಿಲ್ಲ; ಗಟ್ಟಿಮಾಡುವ ಅಂಟು ಆ ಬೀಜಗಳಲ್ಲೇ ಇತ್ತಂತೆ. ಸಿಟ್ಟಿನಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ಮುಚ್ಚಿಟ್ಟೆ. ಸಂಜೆ ಅವಳು ಮರಳಿದಳು.

ಬೆಳಿಗ್ಗೆ ಅತ್ತೆ ದೋಸೆಗೆ ಅದನ್ನು ಹಚ್ಚಿಕೊಂಡು ತಿಂದರು. ಇನ್ನೊಮ್ಮೆ ಹಾಕಿಸಿಕೊಂಡು, ಓರಗಿತ್ತಿಯ ಕಡೆ ತಿರುಗಿ, "ನಿನ್ನ ಕೈರುಚಿನೇ ಬೇರೆ ಕಣೇ" ಎಂದರು.

"ನಾನಲ್ಲ ಅತ್ತೆ, ಅಕ್ಕ ಮಾಡಿದ್ದು" ಎಂದಳು ಅವಳು.

ಅತ್ತೆ ನನ್ನನ್ನು ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಕಾದೆ.

"ನೋಡು, ಎಷ್ಟು ದೊಡ್ಡ ಮನಸ್ಸು ಇವಳ್ದು" ಎಂದರು ನನಗೆ. "ತಾನು ಮಾಡಿದ್ದನ್ನೂ ನಿಂದು ಅಂತಾಳೆ. ಇವಳನ್ನ ನೋಡಿ ಕಲಿತ್ಕೊ."