ಕೂಲರ್ ಬಿಟ್ಟು ಏಳದ ಕೋಳಿ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಕೂಲರನ್ನು ಒಂದು ಕೋಳಿ ವಶಪಡಿಸಿಕೊಂಡಿತು.

ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ? ಇಲ್ಲಿ ದೇವರಿಗಿಂತ ಮೊದಲು ಕೂಲರ್ ನೆನಪಾಗುತ್ತದೆ. ಹಿತ್ತಲಿನಲ್ಲಿ ಒಂದು ಬದಿಯ ಜಾಲರಿ ಬಿಚ್ಚಿ ಇಟ್ಟಿದ್ದ ನಮ್ಮ ಕೂಲರನ್ನು ಒಳಗೆ ತರಲು ಹೋದರೆ, ಅದರೊಳಗೆ ನಮ್ಮ ಕೆಂಪು ಕೋಳಿ. ಕೂಲರಿನ ಹುಲ್ಲನ್ನೆಲ್ಲ ಕಿತ್ತು ಗೂಡು ಮಾಡಿಕೊಂಡಿತ್ತು. ಕೈ ಚಾಚಿದೆ. ಮೈ ಉಬ್ಬಿಸಿ ಗುರ್ ಅಂದಿತು.

ಕಾವಿಗೆ ಕೂತಿತ್ತು. ಯಾವುದರ ಮೇಲೆ? ನೀರೆತ್ತುವ ಮೋಟರ್ ಮೇಲೆ! (ಮೊಟ್ಟೆಗಳನ್ನು ನಾವು ದಿನವೂ ಆಮ್ಲೆಟ್ ಮಾಡಿ ಮುಗಿಸಿದ್ದೆವು.)

ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಕೆಲಸ ಮಾಡುವ ನನ್ನ ಗಂಡನಿಗೆ ಜಗತ್ತಿನಲ್ಲಿ ರಿಪೇರಿಯಾಗದ್ದು ಯಾವುದೂ ಇಲ್ಲ. "ನೀರಾಗ ಅದ್ದಿದ್ರ ಕಾವು ಇಳೀತದ. ಯೂಟ್ಯೂಬ್‌ನ್ಯಾಗ ನೋಡೀನಿ" ಎಂದು ಬಕೆಟ್ ತಂದರು. ಎರಡು ನಿಮಿಷದಲ್ಲಿ ಕೋಳಿ ಒದ್ದೆ, ಅಂಗಿ ಒದ್ದೆ, ಹೆಬ್ಬೆರಳಲ್ಲಿ ರಕ್ತ. ಕೋಳಿ ಮೈ ಕೊಡವಿಕೊಂಡು ಮತ್ತೆ ಕೂಲರ್ ಸೇರಿತು.

ಗದ್ದಲ ಕೇಳಿ ಪಕ್ಕದ ಮನೆಯ ಮಲ್ಲವ್ವ ಬಂದರು. ಕಲ್ಲೂರಿನ ಕುರಿಗಾರರ ಮನೆಯವರು, ಕೋಳಿಗಳ ನಡುವೆಯೇ ಬೆಳೆದವರು.

"ಅದಕ್ಕೇನ್ ಬ್ಯಾನಿ ಬಂದದಂತ ಮುಳುಗಸಾಕತ್ತೀರಿ ಸಾಹೇಬ್ರ? ಬುಟ್ಟಿ ಬೋರಲು ಹಾಕಿ ನೆರಳಾಗ ಇಡ್ರಿ. ಕಾಳು, ನೀರು ಕೊಡ್ರಿ. ಹುಲ್ಲು ಮಾತ್ರ ಬ್ಯಾಡ. ಮೂರು ದಿನಕ್ಕ ಮರೀತದ."

ಇಟ್ಟೆವು. ನಾಲ್ಕನೆಯ ದಿನ ಬುಟ್ಟಿ ಎತ್ತಿದ್ದೇ ತಡ, ಸೀದಾ ಕೂಲರಿಗೆ. (ಕುರ್ಚಿ ಹಿಡಿದು ಕೂತವರನ್ನೂ ಒಮ್ಮೆ ಬುಟ್ಟಿ ಕೆಳಗಿಟ್ಟು ನೋಡಬೇಕು.)

ಆದರೆ ಕೂಲರಿನಿಂದ ಮತ್ತೆ ಎತ್ತಿದಾಗ ಅದರ ಎದೆಮೂಳೆ ಕೈಗೆ ಚುಚ್ಚಿತು. ಕಾಳನ್ನು ಮುಟ್ಟಿಯೇ ಇರಲಿಲ್ಲ. ನನ್ನ ನಗು ನಿಂತಿತು. ಹೀಗೇ ಸತ್ತರೆ?

"ಹಟ ಅದರದೋ ನಮ್ಮದೋ ಅಕ್ಕಾ? ಕೂಡ್ಲಿ ಬಿಡ್ರಿ" ಎಂದ ಮಲ್ಲವ್ವ, ತಮ್ಮ ಜವಾರಿ ಕೋಳಿಯ ಐದು ಮೊಟ್ಟೆ ತಂದರು. ನಮ್ಮಲ್ಲಿ ಹುಂಜ ಇಲ್ಲ, ನಮ್ಮ ಮೊಟ್ಟೆ ಮರಿಯಾಗುವಂಥವಲ್ಲ. ಮೋಟರ್ ತೆಗೆದು ಮೊಟ್ಟೆ ಇಟ್ಟೆವು. ಕೋಳಿ ಕೊಕ್ಕಿನಿಂದ ಒಂದೊಂದನ್ನೇ ಹೊಟ್ಟೆ ಕೆಳಗೆ ಎಳೆದುಕೊಂಡಿತು. ಅಂದು ಸಂಜೆ ತಾನಾಗಿ ಎದ್ದುಬಂದು ಕಾಳು ತಿಂದಿತು.

ಇಪ್ಪತ್ತೊಂದು ದಿನ ನಾವು ಬೆವರಿದೆವು.

ಕೊನೆಗೆ ಒಂದು ಬೆಳಿಗ್ಗೆ ಚಿಂವ್ ಚಿಂವ್. ನಾಲ್ಕು ಮರಿ. ನನ್ನ ಗಂಡ ತಕ್ಷಣ ಸೂಪರ್‌ವೈಸರ್‌ಗೆ ಫೋನ್ ಹಚ್ಚಿದರು. "ಮನ್ಯಾಗ ಹೆರಿಗಿ ಆಗ್ಯದ್ರಿ ಸರ್, ಇವತ್ತ ಬರಾಂಗಿಲ್ಲ." ದಿನವಿಡೀ ಹಿತ್ತಲಲ್ಲಿ ಕೂತು ಕಾಗೆ ಓಡಿಸಿದರು.

ನಮ್ಮ ಮಗಳು ಹುಟ್ಟಿದ ದಿನ ಈ ಮನುಷ್ಯನಿಗೆ ರಜೆ ಸಿಕ್ಕಿರಲಿಲ್ಲ.